ಕಾಲಿಗೆ ಬಿಸಿನೀರು, ಮುಖಕ್ಕೆ ಕೆಂಪು

ಸೊಲ್ಲಾಪುರ, ಮಂಗಳವಾರ ಪೇಟೆ
ಬಹುಧಾನ್ಯ ಸಂವತ್ಸರ, ಮಾಘ ಶುದ್ಧ ದಶಮಿ
(ಇಂಗ್ರೇಜಿ 1939, ಜನವರಿ ಕೊನೆ)

ಚಿ. ಸೌ. ದ್ರೌಪದಿಗೆ,

ವಾಗದರಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿ, ಇನ್ನು ಕಲಿಸಲು ಮಾಸ್ತರರ ಹತ್ತಿರ ಏನೂ ಉಳಿದಿಲ್ಲವೆಂದು ಹೊರಗೆ ಬಂದ ನಿನ್ನ ನಿಂಗಣ್ಣ ಕಾಕಾ, ಇಲ್ಲಿಂದಲೇ ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸುತ್ತಾನೆ. ನಾನು ಕ್ಷೇಮ. ನಮ್ಮ ಬೀಗರ, ಅಂದರೆ ನಿನ್ನ ಅತ್ತೆಯ ಮನೆಯ ಊಟದಿಂದ ಅಂಗಿಯ ಗುಂಡಿಗಳಿಗೆ ಮಾತ್ರ ಸ್ವಲ್ಪ ತ್ರಾಸಾಗಿದೆ.

ನಿನ್ನ ಕಾಗದ ಮುಟ್ಟಿತು. ಅದರಲ್ಲಿ ಕಣ್ಣೀರಿನ ಕಲೆ ಇರಬಹುದೆಂದು ಬೆಳಕಿಗೆ ಹಿಡಿದು ನೋಡಿದೆ. ಎಣ್ಣೆಯ ಕಲೆ ಇತ್ತು. ಅಂದರೆ ನಿನ್ನ ಅವ್ವ, ನಮ್ಮ ವೈನಿ, ನಿನಗೆ ಚಕ್ಕುಲಿ ಕರಿದು ಹಾಕುತ್ತಿದ್ದಾಳೆ, ನೀನು ತಿನ್ನುತ್ತಿದ್ದೀ. ಸಮಾಧಾನವಾಯಿತು. ಆದರೆ ಕೊನೆಯಲ್ಲಿ ನೀನು ಬರೆದ ಮಾತು ನನ್ನ ನಿದ್ದೆ ಕೆಡಿಸಿತು. "ಅತ್ತಿ ಕರದ್ರು ಅಂತ ನಾ ಬರೂದಿಲ್ಲ ಕಾಕಾ. ಅವರು ಕರದ್ರ ಬರತೀನಿ. ಅವರು ಸುಮ್ಮನಿದ್ದು ಮನಿ ಅಷ್ಟ ಕರದ್ರ, ನಾ ಆ ಮನ್ಯಾಗ ಕಂಬಧಂಗ ಇರಬೇಕಾಗತದ." ಗಂಡನ ಹೆಸರು ಹೇಳಲಾರದೆ 'ಅವರು' ಎನ್ನುವ ಹುಡುಗಿ ಎಲ್ಲಿಂದ ಕಲಿತಳು ಇಂಥ ಮಾತು ಎಂದು ಯೋಚಿಸಿದೆ. ಆಮೇಲೆ ಹೊಳೆಯಿತು: ನನ್ನಿಂದಲೇ. ಚಿಕ್ಕಂದಿನಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ಸುತ್ತಿಸಿದವನು ಯಾರು?

ಈಗ ಇಲ್ಲಿಯ ಸಂಗತಿ. ಸಂಕ್ರಾಂತಿಯ ಹಳದಿ-ಕುಂಕುಮದ ದಿನ ನಡೆದದ್ದರಲ್ಲಿ ನಿನಗೆ ಅರ್ಧವೇ ಗೊತ್ತು, ಏಕೆಂದರೆ ನೀನು ಕನ್ನಡಿ ನೋಡಿರಲಿಲ್ಲ. ಲಗ್ನವಾದ ಮೇಲಿನ ಮೊದಲ ಸಂಕ್ರಾಂತಿಯೆಂದು ಕರಿ ಸೀರೆ ಉಡಿಸಿ, ಕುಸುರೆಳ್ಳಿನ ಸರ ಹಾಕಿ, ಪೇಟೆಯ ಹೆಂಗಸರನ್ನೆಲ್ಲ ಕರೆದಿದ್ದರು. ನೀನು ಮುಂಜಾನೆಯಿಂದ ಒಲೆಯ ಮುಂದೆ ಹೋಳಿಗೆ ಬೇಯಿಸಿ, ಮುಖವನ್ನೂ ತೊಳೆಯದೆ ಎದ್ದು ಬಂದು ಅವರ ನಡುವೆ ಕುಳಿತೆ. ನಿನ್ನ ಬಲಗೆನ್ನೆ ಕೆಂಪಗೆ ಉರಿಯುತ್ತಿತ್ತು. ಬಲಗಡೆಯ ಹಣೆಯಿಂದ ಬೆವರಿಳಿದು ಕುಂಕುಮ ಒಂದೇ ಮಗ್ಗುಲಿಗೆ ಕರಗಿತ್ತು. ಎಡಗಡೆ ಮಾತ್ರ ಒಂದು ಹನಿ ಬೆವರಿಲ್ಲದೆ, ಬಿಳಚಿಕೊಂಡು, ಬೇರೆ ಯಾರದೋ ಮುಖ ತಂದು ಅಂಟಿಸಿದ ಹಾಗೆ. ನಡುವೆ ನೂಲು ಹಿಡಿದು ಗೆರೆ ಎಳೆದಂತಿತ್ತಂತೆ. ಇದನ್ನೆಲ್ಲ ನಿನ್ನ ಮಾವ ಸಾತಲಿಂಗಪ್ಪನವರು ನನಗೆ ಹೇಳಿದರು, ಅದೂ ಹೆಂಡತಿ ಹಿತ್ತಲಿಗೆ ಹೋದಾಗ.

"ಅಯ್ಯ, ಎಡಗಡೆ ತೊನ್ನು ಹತ್ತೇದ ನೋಡ್ರಿ" ಎಂದಳಂತೆ ಒಬ್ಬಳು. "ಇಲ್ಲ ತಗೀರಿ, ಎಡಗಡೆ ನೆಟ್ಟಗ ಅದ, ಬಲಗಡೆ ರಕ್ತ ಕೆಟ್ಟದ" ಎಂದಳಂತೆ ಇನ್ನೊಬ್ಬಳು. ಹೀಗೆ ಒಂದು ಮುಖಕ್ಕೆ ಎರಡು ರೋಗ ಹಂಚಿ, ಕೊಟ್ಟ ಎಳ್ಳುಂಡೆಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಅವರು ಮನೆಗೆ ಹೋದರು. ಮರುದಿನ ನಿನ್ನ ಅತ್ತೆ ಲೀಲಾಬಾಯಿ, ತಾಯಿ ನೆನಪು ಮಾಡಿದ್ದಾಳೆಂದು ನೆಪ ಹೇಳಿ, ಅಕ್ಕಲಕೋಟ ರೋಡಿನ ಗಾಡಿಗೆ ನಿನ್ನನ್ನು ಹತ್ತಿಸಿಬಿಟ್ಟಳು.

ನಾನು ಇಲ್ಲಿಗೆ ಬಂದಾಗ ಜಗಳಕ್ಕೆ ಬಂದವನಂತೆ ಬರಲಿಲ್ಲ. ಅದು ಸಣ್ಣ ಬುದ್ಧಿಯವರ ದಾರಿ. ಒಂದು ಚೀಲ ಎಳೆ ಜೋಳದ ತೆನೆ ಹೊತ್ತುಕೊಂಡು, ಬೀಗರಿಗೆ ಸೀತನಿ ತಿನ್ನಿಸಲು ಬಂದೆನೆಂದು ಪಡಸಾಲೆಯಲ್ಲಿ ಕುಳಿತೆ. ಲೀಲಾಬಾಯಿ ಕೆಟ್ಟ ಹೆಂಗಸಲ್ಲ, ಮಗಳೆ, ಹೆದರಿದ ಹೆಂಗಸು. ತೆನೆ ಸುಟ್ಟು, ತಿಕ್ಕಿ, ಶೇಂಗಾ ಹಿಂಡಿ ಜೊತೆಗಿಟ್ಟು ಕೊಟ್ಟಳು, ನಾನು ಬಾಯಿ ತುಂಬ ಹಾಕಿಕೊಳ್ಳುವವರೆಗೂ ಕಾದು, ನಂತರ ಹೇಳಿದಳು:

"ನಿಂಗಣ್ಣವರ, ಸಿಟ್ಟ ಆಗಬ್ಯಾಡ್ರಿ. ನಾಳಿ ಇದು ಮಕ್ಕಳಿಗಿ ಬಂತಂದ್ರ ಯಾರ ಮನಿಗಿ ಹೋಗಿ ಅಳಬೇಕು? ನಮ್ಮಣ್ಣನ ಮಗಳು ಮಂಗಳವೇಢ್ಯಾಗ ಅದಾಳ. ಮಾಘದಾಗ ಮುಹೂರ್ತನೂ ಅದಾವ."

ಬಾಯಿ ತುಂಬಿದ್ದರಿಂದ ನನಗೆ ಉತ್ತರ ಹೇಳಲಾಗಲಿಲ್ಲ. ಆ ಹೆಂಗಸು ಸಮಯ ನೋಡಿ ಮಾತಾಡುತ್ತಾಳೆ. ನನ್ನ ಸಮಕ್ಕೆ ಬರುವವಳು ಈ ಪೇಟೆಯಲ್ಲಿ ಅವಳೊಬ್ಬಳೇ.

ಹೀಗಾಗಿ ಡಾಕ್ಟರ ಶಿವಶರಣಪ್ಪನವರ ದವಾಖಾನೆಗೆ ಹೋದೆ. ವಿಲಾಯತಿಯಲ್ಲಿ ಕಲಿತು ಹೋದ ವರ್ಷ ತಿರುಗಿ ಬಂದವರು, ವಯಸ್ಸು ಸಣ್ಣದು, ಬೂಟು ದೊಡ್ಡದು. ಅಂಗಡಿ ಬಿಟ್ಟು ನಿನ್ನ ಗಂಡ ಕಲ್ಯಾಣಪ್ಪನೂ ಜೊತೆಗೆ ಬಂದ. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅವನು ತನ್ನ ಚಪ್ಪಲಿಗಳನ್ನು ನೋಡುತ್ತ ಬಂದ.

ಡಾಕ್ಟರರು ಎಲ್ಲ ಕೇಳಿಕೊಂಡು, ಮೊದಲು ಕೇಳಿದ್ದು ಮುಖದ ಮಾತಲ್ಲ, ಕುತ್ತಿಗೆಯ ಮಾತು. "ಸಣ್ಣಾಕಿದ್ದಾಗ ಕುತ್ತಿಗಿಗಿ ಏನರ ಆಗಿತ್ತೇನ್ರಿ?" ನಾನು ಹೇಳಿದೆ, ಎಡಗಡೆ ಗಡ್ಡೆ ಎದ್ದಿತ್ತು, ಕೊಯ್ದು ತೆಗೆಸಿದೆವು, ಕೂಸು ಬದುಕಿತು, ದವಡೆಯ ಕೆಳಗೆ ಗುರುತು ಇದೆ, ಅದನ್ನವಳು ಸೆರಗಿನಲ್ಲಿ ಮುಚ್ಚುತ್ತಾಳೆ ಎಂದು. ಡಾಕ್ಟರರು ತಲೆದೂಗಿದರು. "ಒಂದು ಕಣ್ಣು ಇನ್ನೊಂದರಕಿಂತ ಒಂಚೂರು ಸಣ್ಣದ ಅದ ಏನು?"

ನನಗೆ ಗೊತ್ತಿರಲಿಲ್ಲ. ಹೆಗಲ ಮೇಲೆ ಹೊತ್ತವನಿಗೆ ಮುಖ ಕಾಣುವುದಿಲ್ಲವಲ್ಲ. ಆದರೆ ನಿನ್ನ ಗಂಡ ಚಪ್ಪಲಿಯಿಂದ ಕಣ್ಣೆತ್ತಿ ಹೇಳಿದ, "ಹೌದ್ರಿ. ಎಡಗಣ್ಣು. ನಕ್ಕಾಗ ಭಾಳ ತಿಳೀತದ."

ಹೇಳಿದ್ದೇ ತಡ, ಅವನ ಎರಡೂ ಕಿವಿ ಕೆಂಪಗಾದವು. ಡಾಕ್ಟರರು ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, "ನೋಡ್ರಿ ಕಾಕಾ, ಇಲ್ಲಿ ಒಲಿ ಇಲ್ಲ, ಬಿಸಲಿಲ್ಲ. ಮತ್ತ ಇವ ಯಾಕ ಕೆಂಪಾದ?" ಎಂದರು. "ಹೆಂಡ್ತಿ ನೆನಪಾತು, ಅದಕ್ಕ" ಎಂದೆ. "ನೆನಪು ಎಲ್ಲಿರತದ? ತಲ್ಯಾಗ. ಹುಕುಂ ಬಂದದ್ದು ತಲಿಯಿಂದ. ಇಷ್ಟ ಐತಿ ನೋಡ್ರಿ ಪಾಠ."

ಆಮೇಲೆ ಅವರು ವಿವರಿಸಿದ್ದನ್ನು ನಿನಗೆ ತಿಳಿಯುವಂತೆ ಹೇಳುತ್ತೇನೆ. ನಮ್ಮ ತೊಗಲಿನ ಕೆಳಗೆ ಕೂದಲೆಳೆಯಂಥ ರಕ್ತದ ನಾಳಗಳು ಲೆಕ್ಕವಿಲ್ಲದಷ್ಟು ಇವೆ. ಒಡಲಿಗೆ ಸೆಕೆಯಾದಾಗ ಒಳಗಿನ ಬಿಸಿ ರಕ್ತ ತೊಗಲಿನ ತನಕ ಹರಿದು ಬಂದು ಬಿಸಿಯನ್ನು ಗಾಳಿಗೆ ಬಿಟ್ಟು ಹೋಗುತ್ತದೆ, ಬೆವರೂ ಬರುತ್ತದೆ. ಚಳಿಯಾದಾಗ ಆ ನಾಳಗಳು ಮುದುಡಿ, ರಕ್ತ ಒಳಗೇ ಉಳಿಯುತ್ತದೆ. ಆದರೆ ಆ ನಾಳಗಳು ತಾವಾಗಿಯೇ ತೆರೆಯುವುದಿಲ್ಲ, ತಾವಾಗಿಯೇ ಮುಚ್ಚುವುದಿಲ್ಲ. ತಲೆಯಿಂದ ಹೊರಟು ಮೈಯೆಲ್ಲ ಹಬ್ಬಿದ ಸಣ್ಣ ನರಗಳು ಹುಕುಂ ಒಯ್ದು ಮುಟ್ಟಿಸಬೇಕು. ಮುಖಕ್ಕೆ ಹೋಗುವ ನರ ಕುತ್ತಿಗೆಯಲ್ಲಿ ಹಾಯ್ದು ಹೋಗುತ್ತದೆ. ಗಡ್ಡೆಯ ಜೊತೆಗೆ ನಿನ್ನ ಎಡಗಡೆಯ ನರವೂ ಹೋಗಿದೆ. ಪ್ರಾಣ ಉಳಿಸಿಕೊಳ್ಳಬೇಕಾದರೆ ಅದು ಹೋಗಲೇಬೇಕಿತ್ತು. ತಂಪಾಗಿದ್ದಾಗ ನಿನ್ನ ಮುಖದ ಎರಡೂ ಕಡೆ ಒಂದೇ ಬಣ್ಣ. ಸೆಕೆಯಾದಾಗ ಬಲಗಡೆಗೆ ಮಾತ್ರ ಹುಕುಂ ಮುಟ್ಟುತ್ತದೆ.

"ಅಂದ್ರ ನಮ್ಮ ಹೊಲದ ಬಾವಿಧಂಗ" ಎಂದೆ ನಾನು. "ಎತ್ತು ಹೂಡಿ ತೊಗಲಿನ ಮೊಟ್ಟಿಲೆ ನೀರು ಎತ್ತಿ ಕಾಲಿವಿ ತುಂಬಿಸಿದ್ರೂ, ಬೆಳಿ ಮಡಿ ಒಡ್ಡು ಒಡಿಯೋ ಆಳು ಅಲ್ಲಿ ಇರಲಿಕಂದ್ರ ಆ ಮಡಿ ಒಣಗೇ ಇರತದ." ಡಾಕ್ಟರರು ನನ್ನನ್ನು ಒಂದು ಗಳಿಗೆ ನೋಡಿ, ವಿಲಾಯತಿಯ ಗುರುಗಳು ಕೂಡ ಇಷ್ಟು ನೆಟ್ಟಗೆ ಹೇಳಿರಲಿಲ್ಲ ಎಂದರು. ಅಂದರೆ ಹಾಗೆ ಅನ್ನುವ ಮನಸ್ಸು ಅವರ ಮುಖದಲ್ಲಿ ಕಂಡಿತು. ಬಾಯಿಂದ ಹೇಳಿದ್ದು, "ಇರಲಿ, ಸನಿಹ ಬಂದೀರಿ" ಎಂದು. ಅವರ ಪ್ರಕಾರ ಮುಚ್ಚುವ ಆಳು ಬೇರೆ, ತೆರೆಯುವ ಆಳು ಬೇರೆ. ಮುಚ್ಚುವವನು ಕೈಬಿಟ್ಟರೆ ಒಡ್ಡು ಅರ್ಧ ಸಡಿಲಾಗುತ್ತದೆ. ಬಹಳ ಸೆಕೆಯಲ್ಲಿ ತುಂಬ ನೀರು ಹಾಯಬೇಕಾದರೆ ತೆರೆಯುವವನೇ ಬಂದು ಒಡೆಯಬೇಕು. ಇದನ್ನೇ ವಿಲಾಯತಿಯಲ್ಲಿ ಈಗ ಬಲ್ಲವರು ಪರೀಕ್ಷೆ ಮಾಡಿ ತೋರಿಸುತ್ತಿದ್ದಾರಂತೆ.

"ನಮ್ಮ ಬೀಗತಿಗಿ ಮಾತು ಸಾಕಾಗೂದಿಲ್ರಿ, ಕಣ್ಣಿಗಿ ಕಾಣಬೇಕು" ಎಂದೆ. "ಕಾಣಸೂಣು" ಎಂದರು. ಒಬ್ಬ ಗಟ್ಟಿ ಮನುಷ್ಯನ ಕಾಲುಗಳನ್ನು ಬಿಸಿನೀರಿನಲ್ಲಿ ಇಡಬೇಕು, ಮೈಗೆ ಚಾದರ ಹೊದಿಸಬೇಕು, ಮುಖ ಮಾತ್ರ ತಂಪು ಗಾಳಿಗೆ ಬಿಡಬೇಕು. ಬಿಸಿ ತಗುಲಿದ್ದು ಕಾಲಿಗೆ, ಕೆಂಪಾಗುವುದು ಮುಖ. ಹುಕುಂ ತಲೆಯಿಂದ ಬರುತ್ತದೆಂದು ಲೀಲಾಬಾಯಿ ಮೊದಲು ಒಪ್ಪಿದರೆ, ಮುಂದಿನದು ಹಗುರ. ಗಟ್ಟಿ ಮನುಷ್ಯನೆಂದರೆ ಯಾರು? ನಾನು ರುಮಾಲು ಸರಿ ಮಾಡಿಕೊಂಡೆ.

ಮರುದಿನ ಮುಂಜಾನೆಯ ಚಳಿಯಲ್ಲಿ ಪಡಸಾಲೆಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ, ಕಾಲುಗಳನ್ನು ಜಳಕದ ನೀರಿನ ದೊಡ್ಡ ಗಂಗಾಳದ ಬಿಸಿನೀರಿನಲ್ಲಿ ಇಳಿಸಿದರು. ನಿನ್ನ ಮಾವನ ಅಂಗಡಿಯ ಚಾದರಗಳನ್ನು ಒಂದರ ಮೇಲೊಂದು ಹೊದಿಸಿದರು. ಡಾಕ್ಟರರು, ಸ್ವಲ್ಪ ಹೊತ್ತಿಗೆ ಬರುತ್ತೇನೆ, ನೀರು ಆರದ ಹಾಗೆ ನೋಡಿಕೊಳ್ಳಿ ಎಂದು ಪೇಟೆಯ ಒಬ್ಬ ರೋಗಿಯ ಮನೆಗೆ ಹೋದರು.

ತಪ್ಪಾದದ್ದು ಇಲ್ಲಿ. ಬೀಗರು ಮನೆಯಲ್ಲಿ ಕುಳಿತಿದ್ದಾರೆ. ಕಾಲಿಗೆ ನೀರು ಕೊಟ್ಟಾಗಿದೆ. ಕಾಲಿಗೆ ನೀರು ಕೊಟ್ಟ ಮೇಲೆ ಬಾಯಿಗೆ ಏನೂ ಕೊಡದೆ ಇರುವ ಮನೆ ನಮ್ಮ ಕಡೆ ಎಲ್ಲಿದೆ? ಲೀಲಾಬಾಯಿ ಒಂದು ತಂಬಿಗೆ ತಣ್ಣನೆಯ ಮಜ್ಜಿಗೆ ತಂದಳು. ಬೀಗತಿ ಕೈಯಾರೆ ಕೊಟ್ಟದ್ದನ್ನು ಬೇಡವೆಂದರೆ ಅದು ಜಗಳ ಹೂಡಿದಂತೆ. ಕುಡಿದೆ. ಖಾಲಿ ತಂಬಿಗೆ ಕಂಡು ಅವಳು ಮತ್ತೆ ತಂದಳು, ಅದನ್ನೂ ಕುಡಿದೆ. ನಾನು ಒಲ್ಲೆ ಎನ್ನುವವರೆಗೆ ಅವಳು ಕೊಡಬೇಕು, ಅವಳು ಕೊಡುವವರೆಗೆ ನಾನು ಒಲ್ಲೆ ಎನ್ನಬಾರದು. ನಮ್ಮಿಬ್ಬರ ಮರ್ಯಾದೆಯಲ್ಲಿ ಆ ಮನೆಯ ಮಜ್ಜಿಗೆ ತೀರಿತು. ಡಾಕ್ಟರರು ಬಂದು ನೋಡಿದರೆ ನನ್ನ ಮುಖ ಹಸಿ ರೊಟ್ಟಿಯ ಹಿಟ್ಟಿನಂತೆ ಇತ್ತು, ಹಲ್ಲು ಸಣ್ಣಗೆ ಕಟಕಟ ಅನ್ನುತ್ತಿದ್ದವು.

"ಕಾಲಿಗಿ ನೀರು ಹಾಕಿದ್ರ ಮಾರಿ ಕೆಂಪಾಗತದಂತ!" ಎಂದಳು ಲೀಲಾಬಾಯಿ. "ಮತ್ತ ತಲಿಗಿ ಎಣ್ಣಿ ಹಚ್ಚಿದ್ರ ಹಿಮ್ಮಡಿ ಹೊಳೀತಾವೇನ್ರಿ ಡಾಕ್ಟರ?"

ಡಾಕ್ಟರರು ತಂಬಿಗೆಯನ್ನು ಎತ್ತಿ ಮೂಸಿ ನೋಡಿದರು. "ಬಾಯಿ, ಇವರಿಗಿ ಏನು ಕೊಟ್ಟ್ರಿ?"

"ಬೀಗರು ಬಾಯಿ ಒಣಗಿಸಿಕೊಂಡು ಕೂಡಬೇಕೇನ್ರಿ ನಮ್ಮ ಮನ್ಯಾಗ?"

ಕೆಳಗಿನಿಂದ ಬಿಸಿ ತುಂಬುತ್ತಿದ್ದರೆ ಮೇಲಿನಿಂದ ತಂಪು ಸುರಿದಿದ್ದೀರಿ, ಒಳಗೆ ಸೆಕೆಯೇ ಆಗದೆ ತಲೆ ಹುಕುಂ ಯಾಕೆ ಕೊಟ್ಟೀತು ಎಂದು ಅವರು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಸೋತವರು ನೆಪ ಹೇಳುತ್ತಾರೆ ಎಂದು ಒಳಗೆ ಹೋದಳು. ಅಂದೇ ಮಧ್ಯಾಹ್ನ ಮಂಗಳವೇಢೆಗೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಪೇಟೆಯಲ್ಲಿ ವಿಚಾರಿಸಲು ಆಳನ್ನು ಕಳಿಸಿದಳು. ನಾನು ಮಜ್ಜಿಗೆಯ ಭಾರದಲ್ಲಿ ಗೋಡೆಗೆ ಒರಗಿ ಕುಳಿತು, ಇದು ನನ್ನ ಬಾಳಿನ ಮೊದಲನೆಯ ಸೋಲು ಎಂದುಕೊಂಡೆ. ನಿನ್ನ ಮುಖ ನೆನಪಾಯಿತು, ಎರಡೂ ಕಡೆಯದು.

ಆದರೆ ಮಗಳೆ, ನಿನ್ನ ಕಾಕಾ ಬಿಡುವವನಲ್ಲ. ಮರುದಿನ ಮತ್ತೆ ಡಾಕ್ಟರರು ಬಂದರು. ಈ ಸಲ ಚೀಲದಲ್ಲಿ ಸೂಜಿ ತಂದಿದ್ದರು. ಹಲ್ಲು ಕೀಳುವವರು ವಸಡಿಗೆ ಹಾಕಿ ಜಡಗೊಳಿಸುವ ಔಷಧ ಅದರಲ್ಲಿತ್ತು. ಅದನ್ನು ಮುಂಗೈ ಮೇಲಿನ ತೋಳಿನಲ್ಲಿ ತೊಗಲಿನ ನರದ ಹತ್ತಿರ ಹಾಕಿದರೆ ಅಂಗೈಯಗಲದ ಜಾಗಕ್ಕೆ ಸ್ವಲ್ಪ ಹೊತ್ತು ಯಾವ ಹುಕುಮೂ ಮುಟ್ಟುವುದಿಲ್ಲ. ನಿನ್ನ ಎಡಗೆನ್ನೆಗೆ ಆದದ್ದನ್ನೇ ರೋಗವಿಲ್ಲದ ಮೈಯಲ್ಲಿ ಮಾಡಿ ತೋರಿಸುವುದು. ಸೂಜಿ ಉದ್ದವಿತ್ತು. ನಾನು ನಗುತ್ತ ತೋಳು ಚಾಚಿದೆ. ನೊಣ ಕೂತಷ್ಟೂ ಅನ್ನಿಸಲಿಲ್ಲ. ನಿನ್ನ ಗಂಡ ಅಲ್ಲೇ ಇದ್ದ, ಅವನ ಮಾತು ಬಿಡು. ಲೀಲಾಬಾಯಿಗೆ ಡಾಕ್ಟರರು ಕೈಮುಗಿದು, "ಇವತ್ತ ಮಜ್ಜಿಗಿ ಬ್ಯಾಡ್ರಿ ಬಾಯಿ. ಮುಗದ ಮ್ಯಾಲ ಬೇಕಾದ್ರ ಬಾವಿಗೇ ದೂಡ್ರಿ" ಎಂದರು.

ನೀರು ಆರಿದಂತೆ ಬಿಸಿನೀರು ಸುರಿಯುತ್ತ ಹೋದರು. ಮೊದಲು ಕಿವಿಯ ತುದಿ ಕೆಂಪಾಯಿತು. ಆಮೇಲೆ ಗಲ್ಲ, ಹಣೆ. ಹುಬ್ಬಿನ ಮೇಲೆ ಬೆವರಿನ ಮಣಿಗಳು ಮೂಡಿದವು. ಕಾಲು ನೀರಿನಲ್ಲಿ, ಕೆಂಪು ಮುಖದಲ್ಲಿ! ಸಾತಲಿಂಗಪ್ಪನವರು "ಅರೆ ವಾ!" ಎಂದು ಕೂಗಿ, ಹೆಂಡತಿಯ ಕಡೆ ನೋಡಿ, ಮಿಕ್ಕ ಸಂತೋಷವನ್ನು ನುಂಗಿದರು. ಆಗ ಡಾಕ್ಟರರು ತೋಳಿನ ಮೇಲಿನ ಚಾದರ ಸರಿಸಿದರು. ತೋಳೆಲ್ಲ ಕೆಂಪಗೆ, ತೊಯ್ದು ಮಿರಿಮಿರಿ ಮಿಂಚುತ್ತಿದೆ. ನಡುವೆ ಅಂಗೈಯಗಲದ ಒಂದು ಜಾಗ ಮಾತ್ರ ಬಿಳಚಿಕೊಂಡು, ಒಣಗಿ, ಏನೂ ಆಗಿಲ್ಲವೆಂಬಂತೆ ಕುಳಿತಿದೆ.

"ಕೈಯಾಡಿಸಿ ನೋಡ್ರಿ ಬಾಯಿ."

ಲೀಲಾಬಾಯಿ ಮುಂಗೈಯಿಂದ ಮೇಲಕ್ಕೆ ಬೆರಳಾಡಿಸಿದಳು. ಹಸಿ, ಹಸಿ. ಒಣಗಿದ್ದು. ಮತ್ತೆ ಹಸಿ. ಅವಳ ಬೆರಳು ತಿರುಗಿ ಒಣಗಿದ ಜಾಗಕ್ಕೆ ಬಂದು ಅಲ್ಲೇ ನಿಂತಿತು. ಬಹಳ ಹೊತ್ತು ತೆಗೆಯಲಿಲ್ಲ. ಸಂಕ್ರಾಂತಿಯ ದಿನ ಹುಡುಗಿ ಕರಗಿದ ಕುಂಕುಮ ಒರೆಸಿಕೊಳ್ಳುತ್ತಿದ್ದಾಗ ತಾನೇ ಅವಳ ಕೈ ತಡೆದು ಒಳಗೆ ಕಳಿಸಿದ್ದಾಗಿ ಹೇಳಿದಳು, ಯಾರಿಗೂ ಅಲ್ಲ, ಆ ತೋಳಿಗೆ.

"ಇದು ರೋಗ ಅಲ್ಲಂದ್ರ, ಮಕ್ಕಳಿಗಿ?" ಎಂದು ಕೇಳಿದಳು.

"ನಿಮ್ಮ ಯಜಮಾನರಿಗಿ ಹೋದ ವರ್ಷ ಬೆರಳು ಕೊಯ್ದು ಗುರುತು ಆಗೇದ. ಅದು ಮೊಮ್ಮಕ್ಕಳಿಗಿ ಬರತದೇನ್ರಿ?"

ಔಷಧದ ಬಲ ಇಳಿದ ಮೇಲೆ, ನೋಡನೋಡುತ್ತ ಆ ಒಣ ಜಾಗವೂ ಕೆಂಪೇರಿ, ಬೆವರಿ, ಅಕ್ಕಪಕ್ಕದ ತೊಗಲಿನೊಂದಿಗೆ ಒಂದಾಗಿಬಿಟ್ಟಿತು. ಲೀಲಾಬಾಯಿ ಎದ್ದು ಒಳಗೆ ಹೋದಳು. ಅತ್ತಳೆಂದು ನಾನು ಹೇಳುವುದಿಲ್ಲ. ಬರುವಾಗ ಮುಖ ತೊಳೆದುಕೊಂಡು ಬಂದಳು. ಮಂಗಳವೇಢೆಯ ಮಾತನ್ನು ಅಲ್ಲಿಗೇ ಬಿಟ್ಟಳು. ಈಗ ನೆರೆಮನೆಯ ಹೆಂಗಸರು ಬಂದರೆ ತಾನೇ ಪಾಠ ಶುರು ಮಾಡುತ್ತಾಳೆ. "ನಮ್ಮ ಸೊಸಿ ಮಾರ್ಯಾಗ ಎರಡು ಋತು ಅದಾವ್ರಿ, ಬ್ಯಾಸಗಿನೂ ಅದ, ಚಳಿಗಾಲನೂ ಅದ. ನಿಮ್ಮ ಸೊಸ್ಯಾರಿಗಿ ಅದಾವೇನು?" ನಿನ್ನೆ ಒಬ್ಬಳ ಕಾಲು ಹಿಡಿದು ಗಂಗಾಳದಲ್ಲಿ ಇಡಿಸಿಯೂಬಿಟ್ಟಳು.

ಬರುವ ಸೋಮವಾರ ಕಲ್ಯಾಣಪ್ಪನನ್ನು ವಾಗದರಿಗೆ ಕಳಿಸುತ್ತಾರೆ, ನಿನ್ನನ್ನು ಕರೆತರಲು. ಇಳಕಲ್ಲ ಸೀರೆಯೊಂದನ್ನು ಅತ್ತೆಯೇ ಆರಿಸಿ ಕಟ್ಟಿಟ್ಟಿದ್ದಾಳೆ. ಅಣ್ಣ ಸಾಯಬಣ್ಣನಿಗೆ ಹೇಳು, ಅಳಿಯ ಬಂದಾಗ ಗಂಟುಮುಖ ಮಾಡಬಾರದು. ವೈನಿಗೆ ಹೇಳು, ಹೋಳಿಗೆ ಮಾಡಲಿ, ಆದರೆ ಬೇಯಿಸುವುದು ನೀನೇ ಆಗಲಿ. ಅವನು ಎದುರಿಗೆ ಕುಳಿತು ನೋಡಲಿ. ಇಷ್ಟೆಲ್ಲ ನಡೆಸಿದ ಜಾಣ ಯಾರೆಂದು ಊರಲ್ಲಿ ಯಾರಾದರೂ ಕೇಳಿದರೆ ಸಂಕೋಚಪಡಬೇಡ, ಹೆಸರು ಹೇಳು.

ಸೀತನಿ, ಮಜ್ಜಿಗೆ ಎರಡನ್ನೂ ಗೆದ್ದ,
ನಿನ್ನ ಪ್ರೀತಿಯ ಕಾಕಾ,
ನಿಂಗಣ್ಣ

ತಾಜಾ ಕಲಂ: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಡಿಸಿದ್ದೇನೆ, ಒಂದು ಮಾತು ಹೊಟ್ಟೆಯಲ್ಲಿ ಉಳಿಯಲಿಲ್ಲ. ಎರಡನೇ ದಿನದ ಆ ತೋಳು ನನ್ನದಲ್ಲ. ಸೂಜಿ ಹೊರಗೆ ಬಂದಾಗ ನಾನು ಎತ್ತುಗಳಿಗೆ ನೀರು ತೋರಿಸಬೇಕೆಂದು ಎದ್ದೆ. ಎತ್ತುಗಳು ವಾಗದರಿಯಲ್ಲಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲ ಸಂದಿಯಿಂದ ನೋಡಿದ್ದನ್ನು ಬರೆದಿದ್ದೇನೆ. ಡಾಕ್ಟರರನ್ನು ಹುಡುಕಿದವನೂ, ಸೋತ ದಿನ ಸಂಜೆ ಹೋಗಿ ಅವರನ್ನು ಕಾಡಿ ಕರೆತಂದವನೂ ನಿನ್ನ ಗಂಡನೇ. ಹೇಳಬೇಡವೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾನೆ. ತಾಯಿಯ ಎದುರಿಗೆ ತಲೆ ಎತ್ತದ ಹುಡುಗ, ಕೋಟು ಕಳಚಿ, ಅಂಗಿಯ ತೋಳು ಮಡಚಿ ನನ್ನ ಬದಲು ಆ ಮಣೆಯ ಮೇಲೆ ಕುಳಿತ. ಲೀಲಾಬಾಯಿಯ ಬೆರಳು ಆ ಒಣ ಜಾಗದ ಮೇಲೆ ನಿಂತಾಗ ಅವನು ಮೆಲ್ಲಗೆ ಹೇಳಿದ್ದನ್ನು, ನಾನು ನನ್ನ ಬಾಯಿಗೆ ಹಾಕಿಕೊಳ್ಳಲು ಬಹಳ ಪ್ರಯತ್ನಿಸಿದೆ, ಹೊಂದಲಿಲ್ಲ. ನಿನ್ನದು ನಿನಗೇ ಕಳಿಸುತ್ತಿದ್ದೇನೆ:

"ಅವ್ವಾ, ನನಗೂ ಹಂಗ ಆಗೇದ ನೋಡು. ನನ್ನೂ ವಾಗದರಿಗಿ ಕಳಸಿಬಿಡು."